ಎರಡು ಸೂತ್ ಬೆಳಕು

ಆ ಶನಿವಾರ ಶೈಲ ಮಧ್ಯಾಹ್ನಕ್ಕೇ ಮನೆಗೆ ಬಂದಿದ್ದಳು. ಬಿಳಿಕೆರೆಯ ಹೈಸ್ಕೂಲಿನಲ್ಲಿ ಅವಳು ಆಟದ ಮೇಡಂ. ಕಾಯಂ ಅಲ್ಲ, ಅತಿಥಿ ಶಿಕ್ಷಕಿ. ಶನಿವಾರ ಅರ್ಧ ದಿನ. ಉಂಡು, ಸೀರೆ ಬಿಚ್ಚಿಟ್ಟು, ನೈಟಿಯ ಮೇಲೆ ನನ್ನ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಂಡು ಸೊಪ್ಪು ಬೇಯಿಸುವ ಮನೆ ಬ್ಯಾರನ್, ಅದರ ಮುಂದಿನ ಚಪ್ಪರದಲ್ಲಿ ಹೊಗೆಸೊಪ್ಪು ಕಟ್ಟಲು ಕೂತಳು. ನನ್ನ ಅಣ್ಣನ ಹೆಂಡತಿ ಪುಟ್ಟಮ್ಮ ಅತ್ತಿಗೆ ಎಲೆ ಜೋಡಿಸಿ ಕೊಡುತ್ತಿದ್ದರು. ಶೈಲ ಅದನ್ನು ಕಡ್ಡಿಗೆ ದಾರ ಸುತ್ತಿ ಕಟ್ಟುತ್ತಿದ್ದಳು. ಕಟ್ಟಿದ ಕಡ್ಡಿಗಳನ್ನು ನಾನು ಒಳಗೆ ಸಾಲಾಗಿ ಏರಿಸುತ್ತಿದ್ದೆ. ಮಳೆ ಇರಲಿಲ್ಲ, ಬಿಸಿಲೂ ಇರಲಿಲ್ಲ. ಎಲೆಯ ಅಂಟು ಮೂವರ ಬೆರಳಿಗೂ ಕಪ್ಪಗೆ ಮೆತ್ತಿತ್ತು.

"ಇವತ್ತೊಂದಿನ ಆ ಬಿಲ್ಲು ಮುಟ್ಬ್ಯಾಡ ಕಣೆ," ಅಂದರು ಅತ್ತಿಗೆ. "ದೀಪ ಅಚ್ಚೋ ಒತ್ನಲ್ಲಿ ಬಾಣ ಬುಟ್ರೆ ಮನೆಗೆ ಒಳ್ಳೇದಲ್ಲ."

"ಅದೇ ಒತ್ನಲ್ಲಿ ಟಿವಿ ಹಾಕಿದ್ರೆ ಒಳ್ಳೇದಾ ಅಕ್ಕ?"

"ಟಿವಿ ಏನ್ ಬಾಣ ಬುಡ್ತದಾ?"

"ನೀವು ನೋಡೋ ಸೀರಿಯಲ್‌ನಲ್ಲಿ ಅತ್ತೆ ಸೊಸೆ ಬುಡೋದು ಇನ್ನೇನು?"

ಅತ್ತಿಗೆ ಒಂದು ಎಲೆ ತೆಗೆದು ಅವಳ ತಲೆಯ ಮೇಲೆ ಹೊಡೆದರು. ಸಂಜೆಯಾಗುತ್ತಲೇ ಶೈಲ ಬೂದಿ, ಸೋಪು ಎರಡರಲ್ಲೂ ಕೈ ಉಜ್ಜಿಕೊಂಡು ಬಿಲ್ಲು ತಂದಳು. ಬ್ಯಾರನ್ನಿನ ಹಿಂಗೋಡೆಗೆ ಒರಗಿಸಿದ ಗೋಣಿಮೂಟೆಗಳ ಮೇಲೆ ಗುರಿಯ ಕಾಗದ ಅಂಟಿಸಿತ್ತು. ಗುರಿ ನೋಡಲು ಬಿಲ್ಲಿನ ಹೆದೆಯಲ್ಲಿದ್ದ ತೂತನ್ನು ಆ ವಾರವೇ ಇನ್ನೊಮ್ಮೆ ದೊಡ್ಡದು ಮಾಡಿಸಿದ್ದೆವು. ಒಂದೆರಡು ಸುತ್ತು ಹೊಡೆದಳು. ಮತ್ತೊಮ್ಮೆ ಎಳೆದವಳು ಬಾಣ ಬಿಡದೆ ಮೆಲ್ಲಗೆ ಹೆದೆ ಇಳಿಸಿದಳು.

"ಇನ್ನೂ ಕತ್ಲೇನೆ. ಬೆಳಕು ಬೇಗ ಹೋಯ್ತು ಅಲ್ವೇನ್ರೀ?"

"ಮೋಡ ಕಣೆ."

"ನಾಳೆ ಭಾನುವಾರ. ಬಿಸಿಲು ಬಿದ್ರೆ ಮಧ್ಯಾಹ್ನ ಹೊಡೆದು ಸರಿಯಾಗಿ ಕೂರಿಸ್ತೀನಿ."

ರಾತ್ರಿಗೆ ಮುದ್ದೆ, ಉಪ್ಪುಸಾರು. ಶಾಲೆಯ ವಾಲಿಬಾಲ್ ನೆಟ್ಟನ್ನು ಯಾರೋ ಟೊಮೇಟೊ ತೋಟದ ಬೇಲಿಗೆ ಕಟ್ಟಿದ್ದಾರೆಂದು ಅವಳು ಬಯ್ದುಕೊಂಡಳು. ನಾನು ಒಂದು ಸಲ ಎದ್ದು ಹೋಗಿ ಬ್ಯಾರನ್ನಿನ ಒಲೆಗೆ ಸೌದೆ ತಳ್ಳಿ ಬಂದೆ. ನಮ್ಮ ಮನೆಯ ಕೊನೆಯ ಸಾಧಾರಣ ದಿನ ಹೀಗೆ ಮುಗಿಯಿತು. ಮಾರನೆಯ ದಿನ ಗೊತ್ತಾಯಿತು, ಕಮ್ಮಿಯಾಗುತ್ತಿದ್ದದ್ದು ಅವಳ ಬಲಗಣ್ಣು ಎಂದು. ಮುಂದಿನ ಯುಗಾದಿಗೆ ಅವಳಿರಲಿಲ್ಲ.

ಇದು ಅವಳು ಹೋದ ಮೇಲಿನ ಎರಡನೆಯ ಸೊಪ್ಪಿನ ಹಂಗಾಮು. ನಾನು ಈಗ ಹೊಗೆಸೊಪ್ಪು ಹಾಕುವುದಿಲ್ಲ. ಜಮೀನಿಗೆ ಮುಸುಕಿನ ಜೋಳ ಹಾಕಿದ್ದೇನೆ, ಬ್ಯಾರನ್ನಿಗೆ ಬೀಗ ಹಾಕಿದ್ದೇನೆ. ಆದರೆ ಈ ಸೀಮೆಯಲ್ಲಿ ಇದ್ದುಕೊಂಡು ಆ ವಾಸನೆಯಿಂದ ತಪ್ಪಿಸಿಕೊಳ್ಳುವುದು ಆಗುವುದಿಲ್ಲ. ಮೊನ್ನೆ ಗಾವಡಗೆರೆ ಕಡೆಯಿಂದ ಬಸ್ಸಿನಲ್ಲಿ ಬರುವಾಗ ಕಿಟಕಿಯಿಂದ ನುಗ್ಗಿತು. ಹಸಿ ಎಲೆ ಬಿಸಿಗೆ ಹಳದಿ ತಿರುಗುವಾಗ ಬರುವ ವಾಸನೆ, ಒಂದಿಷ್ಟು ಬೆಲ್ಲದ ಪಾಕದ ಹಾಗೆ, ಒಂದಿಷ್ಟು ಒಣಹುಲ್ಲಿನ ಹಾಗೆ. ಪಕ್ಕದಲ್ಲಿ ಕೂತವರು ಮೂಗಿಗೆ ಟವೆಲ್ ಹಿಡಿದರು. ನನಗೆ ಬಸ್ಸಿನ ಒಳಗಿದ್ದಂತೆಯೇ ಆ ವರ್ಷದ ಮಳೆಗಾಲ ಪೂರ್ತಿ ನೆನಪಾಯಿತು.

ಶೈಲ ಹುಡುಗಿಯಾಗಿದ್ದಾಗ ಕ್ರೀಡಾ ಹಾಸ್ಟೆಲಿನಲ್ಲಿದ್ದು ಬಿಲ್ಲುವಿದ್ಯೆ ಕಲಿತವಳು. ಮದುವೆಯಾದ ಮೇಲೆ ಬಿಟ್ಟುಹೋಗಿತ್ತು. ಪಿರಿಯಾಪಟ್ಟಣದಾಚೆ, ಕೊಡಗಿನ ಗಡಿಯಲ್ಲಿ ಒಂದು ಎಸ್ಟೇಟಿನ ಮನೆಯವರು ಹೊರದೇಶದಿಂದ ತರಿಸಿ, ನಾಲ್ಕು ದಿನ ಎಳೆದು, ಮೂಲೆಗೆ ಇಟ್ಟಿದ್ದ ಬಿಲ್ಲೊಂದು ಅವಳ ಕೈಗೆ ಬಂತು. ಎರಡು ತುದಿಗೂ ಗಾಲಿ ಇರುವ ಕಾಂಪೌಂಡ್ ಬಿಲ್ಲು. ಆ ದೇಶದಲ್ಲಿ ಅದನ್ನು ಬೇಟೆಗೆ ಬಳಸುತ್ತಾರಂತೆ. ಇವಳು ಕಾಗದಕ್ಕೆ ಹೊಡೆಯಲು ತಂದಳು. ಬಿಲ್ಲು ಬಂದ ಮೊದಲ ವಾರ ಅಡುಗೆಮನೆಯಲ್ಲಿ ಹಾಲು ಎರಡು ಸಲ ಉಕ್ಕಿತು. ಹದಿನೈದು ವರ್ಷದಲ್ಲಿ ಅವಳ ಕೈಯಲ್ಲಿ ಹಾಲು ಉಕ್ಕಿದ್ದನ್ನು ನಾನು ನೋಡಿರಲಿಲ್ಲ.

ಆ ಮಳೆಗಾಲದ ಹಿಂದಿನ ವರ್ಷ ಮೈಸೂರಿನಲ್ಲಿ ಜಿಲ್ಲಾ ಆಯ್ಕೆ ನಡೆದಿತ್ತು. ಬೆಳಿಗ್ಗೆ ಶುರುವಾಗಬೇಕಾದದ್ದು ಮಳೆಯಿಂದ ಮಧ್ಯಾಹ್ನವಾಯಿತು, ಕೊನೆಯ ಸುತ್ತು ಬರುವ ಹೊತ್ತಿಗೆ ಸಂಜೆ ಕವಿದಿತ್ತು. ಅಲ್ಲಿಯವರೆಗೆ ಮುಂದಿದ್ದ ಶೈಲ ಆ ಕೊನೆಯ ಬಾಣಗಳಲ್ಲಿ ಸೋತಳು. ಬರುವಾಗ ಬಸ್ಸಿನಲ್ಲಿ ಹೇಳಿದ್ದು ಒಂದೇ ಮಾತು. "ಕೈ ಸೋಲಲಿಲ್ಲ ಕಣ್ರೀ. ತೂತಲ್ಲಿ ಏನೂ ಕಾಣಲಿಲ್ಲ."

ತೂತು ಅಂದರೆ ಇದು. ಹೆದೆಯ ಎಳೆಗಳನ್ನು ಬಿಡಿಸಿ ನಡುವೆ ಒಂದು ಸಣ್ಣ ಉಂಗುರ ಕೂರಿಸಿರುತ್ತಾರೆ, ಪೀಪ್ ಅನ್ನುತ್ತಾರೆ. ಹೆದೆ ಪೂರ್ತಿ ಎಳೆದಾಗ ಅದು ಸರಿಯಾಗಿ ಕಣ್ಣಿನ ಮುಂದೆ ಬರಬೇಕು. ಬಿಲ್ಲಿನ ಮುಂಭಾಗದಲ್ಲಿ ಬಳೆಯಂಥ ಒಂದು ಗುಂಡು ಚೌಕಟ್ಟು, ಅದರೊಳಗೆ ಹೊಳೆಯುವ ಸೂಜಿ. ತೂತಿನೊಳಗಿಂದ ಆ ಬಳೆ ಕಾಣಬೇಕು, ಬಳೆಯೊಳಗಿಂದ ಸೂಜಿ, ಸೂಜಿಯ ತುದಿಯಲ್ಲಿ ಗುರಿ. ತೂತು ಸಣ್ಣದಿದ್ದರೆ ಗುರಿ ಚೂಪಾಗಿ ನಿಲ್ಲುತ್ತದೆ, ಆದರೆ ಬೆಳಕು ಕಮ್ಮಿ. ದೊಡ್ಡದಿದ್ದರೆ ಬೆಳಕು ಬರುತ್ತದೆ, ಆದರೆ ಬಳೆ ಅದರೊಳಗೆ ಸಡಿಲವಾಗಿ ಅತ್ತಿತ್ತ ತೇಲುತ್ತದೆ, ಬಾಣವೂ ಹಾಗೇ ಹೋಗುತ್ತದೆ.

ಆ ವರ್ಷದ ಆಯ್ಕೆಯೂ ಮಳೆಗಾಲದ ಕೊನೆಗೇ ಇತ್ತು. "ಮುಂದಿನ ವರ್ಷ ಹೊಸ ಹುಡುಗೀರು ಬರ್ತಾರೆ, ಆಗ ನನ್ನನ್ನ ಕುರ್ಚಿ ಹಾಕಿ ಅತಿಥಿ ಅಂತ ಕೂರಿಸ್ತಾರೆ. ಹೊಡೆಯೋದಾದ್ರೆ ಈ ಸಲ," ಅಂದಳು. ಅದಕ್ಕೆ ಮಬ್ಬು ಬೆಳಕಿಗೆ ತಕ್ಕ ತೂತು ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಅಭ್ಯಾಸಕ್ಕೆ ನಮಗೆ ಮುಸ್ಸಂಜೆಯನ್ನು ಬಿಟ್ಟರೆ ಬೇರೆ ಹೊತ್ತೂ ಇರಲಿಲ್ಲ. ಬೆಳಿಗ್ಗೆ ಶಾಲೆ, ಸಂಜೆ ಸೊಪ್ಪು. ಸೊಪ್ಪು ಕಟ್ಟಿ ಮುಗಿದು ಒಲೆಗೆ ಬೆಂಕಿ ಹಾಕುವ ನಡುವೆ ಉಳಿಯುವ ಆ ಒಂದಿಷ್ಟು ಬೆಳಕು ಮಾತ್ರ ಅವಳದು.

ಫೋನಿನಲ್ಲಿ ಹುಡುಕಿದರೆ ಮಬ್ಬು ಬೆಳಕಿನ ವಿಷಯ ಮಾತಾಡುವವರೆಲ್ಲ ಬೇಟೆಯವರೇ. ಕಿತ್ತಳೆ ಟೋಪಿ ಹಾಕಿಕೊಂಡ ಒಬ್ಬ ದಪ್ಪ ಮನುಷ್ಯ ಮರದ ಮೇಲೆ ಕೂತು ನಿಧಾನಕ್ಕೆ ಹೇಳುತ್ತಿದ್ದ. ಜಿಂಕೆ ಹೊರಬರುವುದೇ ಬೆಳಕು ಹೋಗುವಾಗ, ಆದ್ದರಿಂದ ಮಧ್ಯಾಹ್ನ ಅಂಗಳದಲ್ಲಿ ನೋಡಿ ತೂತು ಆರಿಸಬೇಡಿ, ಮುಸ್ಸಂಜೆಯಲ್ಲಿ ನೋಡಿ ಆರಿಸಿ. ಕಣ್ಣು ಮುಚ್ಚಿಕೊಂಡು ಹೆದೆ ಎಳೆದು, ಆಮೇಲೆ ಕಣ್ಣು ತೆರೆಯಿರಿ. ಮುಂದಿನ ಬಳೆ ಇಡಿಯಾಗಿ ಕಂಡು, ಅದರ ಸುತ್ತ ಕೂದಲೆಳೆಯಷ್ಟು ಬೆಳಕು ಉಳಿದಿದ್ದರೆ ಅದೇ ನಿಮ್ಮ ಅಳತೆ. ಬಳೆಯೇ ಕತ್ತಲಲ್ಲಿ ಕಲೆತುಹೋದರೆ ಒಂದು ಅಳತೆ ಮೇಲಕ್ಕೆ ಹೋಗಿ. ಇಷ್ಟನ್ನು ಶೈಲ ಮತ್ತೆ ಮತ್ತೆ ಹಾಕಿ ಕೇಳಿ ನನಗೆ ಕನ್ನಡದಲ್ಲಿ ಹೇಳಿದಳು.

"ಜಿಂಕೆ ಹೊಡೆಯೋದು ನಂಗಿಷ್ಟ ಇಲ್ಲ. ಆದ್ರೆ ಬೆಳಕಿನ ವಿಷ್ಯ ಚೆನ್ನಾಗ್ ಹೇಳ್ತಾನೆ ಈ ಮಾವ."

"ನಿಂಗೆ ಯಾವಾಗ ಮಾವ ಆದ?"

"ದಿನಾ ನಮ್ಮನೇಲೇ ಇದ್ದಾನಲ್ಲ."

ಹುಣಸೂರಿನಲ್ಲಿ ಮಂಚ, ಬಾಗಿಲು ಚೌಕಟ್ಟು ಮಾಡುವ ರಿಯಾಜ್ ಭಾಯಿಯ ಅಂಗಡಿ ಇದೆ. ಅವನ ಮಗಳು ಶೈಲಳ ಶಾಲೆಯಲ್ಲಿ ಓದಿದವಳು, ಅದಕ್ಕೇ ಅವನು ಶೈಲಳನ್ನು ಮೇಡಮ್ಮೋರೇ ಅನ್ನುತ್ತಿದ್ದ. ಈ ಬಿಲ್ಲಿನ ಹೆದೆ ಸಡಿಲಿಸಬೇಕಾದರೆ ಅದಕ್ಕೊಂದು ಯಂತ್ರ ಬೇಕು. ನಮ್ಮಲ್ಲಿ ಇರಲಿಲ್ಲ. ರಿಯಾಜ್ ಹಲಗೆ ಅಂಟಿಸುವ ಕ್ಲಾಂಪುಗಳಿಗೆ ಹಳೇ ಚಪ್ಪಲಿಯ ರಬ್ಬರು ಸುತ್ತಿ, ಬಿಲ್ಲಿನ ಎರಡು ತೋಳನ್ನೂ ಮೆಲ್ಲಗೆ ಬಗ್ಗಿಸಿ ಹಿಡಿದು ಅದನ್ನೇ ಯಂತ್ರ ಮಾಡಿಕೊಂಡ. ಜುಲೈ ತಿಂಗಳು, ಹೊರಗೆ ಜಿಟಿಜಿಟಿ ಮಳೆ. ತೂತಿನ ಉಂಗುರವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡು ನೋಡಿದ.

"ಇದು ಒಂದ್ ಸೂತ್ ಅದೆ ಮೇಡಮ್ಮೋರೇ."

ಸೂತ್ ಅಂದರೆ ಮರಗೆಲಸದವರ ಅಳತೆ, ಅಂಗುಲದ ಎಂಟರಲ್ಲಿ ಒಂದು ಪಾಲು. ಅವತ್ತಿನಿಂದ ನಮ್ಮ ಮನೆಯಲ್ಲೂ ಅದೇ ಅಳತೆ ನಡೆಯಿತು.

"ಒಂದೂವರೆ ಮಾಡಿ ಭಾಯ್."

"ಮಾಡ್ತೀನಿ. ಆದ್ರೆ ಒಂದ್ ಮಾತು. ದೊಡ್ದು ಮಾಡು ಅಂತ ಎಷ್ಟ್ ಸಲ ಬೇಕಾದ್ರೂ ಬನ್ನಿ. ಚಿಕ್ದು ಮಾಡು ಅಂತ ಮಾತ್ರ ನನ್ನ ತಾವ ಬರ್ಬ್ಯಾಡಿ. ಮರಕ್ಕಾದ್ರೆ ಪುಟ್ಟಿ ಹಾಕ್ತೀನಿ, ಗಾಳಿಗೆ ಏನ್ ಹಾಕ್ಲಿ?"

ಡ್ರಿಲ್ಲಿಗೆ ಸಣ್ಣ ಬಿಟ್ ಹಾಕಿ ಕೊರೆದು, ಅಂಚನ್ನು ಮರಳುಕಾಗದದಲ್ಲಿ ನಯ ಮಾಡಿ ಕೊಟ್ಟ. ಹೆದೆಯಲ್ಲಿ ಕೂರಿಸಿ, ಜಾರದ ಹಾಗೆ ಮೇಲೂ ಕೆಳಗೂ ದಾರ ಸುತ್ತಿ ಗಂಟು ಹಾಕುವ ಕೆಲಸವನ್ನು ಶೈಲ ತಾನೇ ಮಾಡಿದಳು.

ಅವತ್ತು ಸಂಜೆ ಬೆಳಕು ಚೆನ್ನಾಗಿ ಬಂತು ಅಂದಳು. ಹತ್ತು ದಿನ ಹಾಗೇ ಅಂದಳು. ಆಮೇಲೆ ಮತ್ತೆ ಮಬ್ಬು. ಆಗಸ್ಟಿನಲ್ಲಿ ಮೋಡ ಸರಿಯುವುದೇ ಇಲ್ಲ, ಹಾಗಾಗಿ ನಮಗೆ ಅದು ವಿಚಿತ್ರ ಅನಿಸಲಿಲ್ಲ. ನಾನು ಅವಳ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಬ್ಯಾರನ್ ಗೋಡೆಯ ಇಟ್ಟಿಗೆ ಸಾಲು ನನಗೆ ಇನ್ನೂ ಒಂದೊಂದಾಗಿ ಕಾಣುತ್ತಿರುವಾಗಲೇ ಅವಳು ಬಿಲ್ಲು ಇಳಿಸಿಬಿಡುತ್ತಿದ್ದಳು.

"ನಂಗೆ ಕಾಣ್ತದಲ್ಲೇ," ಅಂದರೆ, "ನಿಮ್ಮದು ಬ್ಯಾರನ್ ಕಣ್ಣು," ಅನ್ನುತ್ತಿದ್ದಳು. "ಕತ್ಲೆ ಮನೇಲಿ ಎಲೆ ಬಣ್ಣ ನೋಡಿ ನೋಡಿ ಬೆಕ್ಕಿನ ಥರ ಆಗಿದೆ."

ಆ ಮಾತು ನನಗೂ ಸರಿ ಅನಿಸಿತ್ತು. ಹೊಗೆಸೊಪ್ಪು ಬೇಯಿಸುವ ನಾವೆಲ್ಲ ಸಣ್ಣ ಗಾಜಿನ ಕಿಂಡಿಯಲ್ಲಿ ಇಣುಕಿ ಒಳಗಿನ ಎಲೆ ಹಸಿರೋ ಹಳದಿಯೋ ಎಂದು ಹೇಳುವವರು.

ಆಮೇಲೆ ಕಾಗದದ ವಿಷಯ ಬಂತು. ಗುರಿಯ ಕಾಗದದಲ್ಲಿ ನಡುವೆ ಹಳದಿ, ಅದರ ಸುತ್ತ ಕೆಂಪು, ಆಮೇಲೆ ನೀಲಿ. "ಕೆಂಪು ಮಾಸಿಹೋಗಿದೆ ನೋಡಿ, ಮಣ್ಣಿನ ಬಣ್ಣ ಆಗಿದೆ," ಅಂದಳು ಒಂದು ಸಂಜೆ. ನಾನು ಹತ್ತಿರ ಹೋಗಿ ನೋಡಿದೆ. ಕೆಂಪು ಕೆಂಪಾಗಿಯೇ ಇತ್ತು. ಮಳೆ ನೀರು ಕುಡಿದಿರಬೇಕು ಎಂದು ಅವಳೇ ಅಂದಳು. ಮೈಸೂರಿಗೆ ಹೋದಾಗ ಹೊಸ ಕಾಗದ ತಂದೆ. ಅದನ್ನು ಅಂಟಿಸಿ ಹಿಂದೆ ಬಂದು, ಬಿಲ್ಲು ಎಳೆದು ನೋಡಿ, "ಈಗಿನವರು ಬಣ್ಣಾನೇ ನೆಟ್ಟಗೆ ಹಾಕಲ್ಲ," ಅಂದಳು.

ಬಿಲ್ಲು ಕೆಳಗಿಟ್ಟರೆ ಅವಳಿಗೆ ಯಾವ ತೊಂದರೆಯೂ ಇರಲಿಲ್ಲ. ಹಾಜರಿ ಬರೆಯುತ್ತಿದ್ದಳು, ಸೂಜಿಗೆ ದಾರ ಪೋಣಿಸುತ್ತಿದ್ದಳು, ಬಸ್ಸಿನ ಬೋರ್ಡನ್ನು ದೂರದಿಂದಲೇ ಓದುತ್ತಿದ್ದಳು. ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ಮಾತ್ರ ನೋಡುವ ಕೆಲಸ ಅವಳ ದಿನದಲ್ಲಿ ಅದೊಂದೇ. ಬೇರೆ ಹೊತ್ತಿನಲ್ಲೆಲ್ಲ ಎಡಗಣ್ಣು ಎರಡರ ಕೆಲಸವನ್ನೂ ಮಾಡುತ್ತಿತ್ತು. ಬಿಲ್ಲು ಹಿಡಿದಾಗ ಮಾತ್ರ ಕತ್ತಲೆಯಾಗುತ್ತದೆ ಅಂದರೆ ಯಾರಾದರೂ ಬಿಲ್ಲನ್ನೇ ನೋಡುತ್ತಾರೆ.

ಗೌರಿ ಹಬ್ಬಕ್ಕೆ ಅವಳ ತವರಿಗೆ ಹೋದೆವು. ಅಂತರಸಂತೆ ಹತ್ತಿರದ ಹಳ್ಳಿ, ಊರಾಚೆ ಹೊಲ ಮುಗಿದರೆ ಕಾಕನಕೋಟೆ ಕಾಡು. ಬಾಗಿನದ ಚೀಲದ ಜೊತೆ ಬಿಲ್ಲನ್ನೂ ಕಂಬಳಿಯಲ್ಲಿ ಸುತ್ತಿ ತಂದಿದ್ದಳು, ಒಂದು ಸಂಜೆಯ ಅಭ್ಯಾಸವೂ ತಪ್ಪಬಾರದೆಂದು. ಅವಳ ಸೋದರಮಾವ ಚಲುವಯ್ಯ ಅರಣ್ಯ ಇಲಾಖೆಯಲ್ಲಿ ವಾಚರ್. ಹಬ್ಬದೂಟಕ್ಕೆ ಬಂದವರು ಕಂಬಳಿ ಸರಿಸಿ ನೋಡಿ ಅಲ್ಲೇ ಕುಕ್ಕರುಗಾಲಲ್ಲಿ ಕೂತರು.

"ಮಗಾ, ಇದು ಹಂದಿ ಒಡಿಯೋ ಬಿಲ್ಲಲ್ವಾ?"

"ಕಾಗ್ದಕ್ಕೆ ಒಡಿಯೋದು ಕಣ್ಮಾವ."

"ನಮ್ ಸಾಯೇಬ್ರು ಕಂಡ್ರೆ ನಿನ್ನೂ ನಿನ್ ಗಂಡನ್ನೂ ಜೀಪತ್ತಿಸ್ತಾರೆ. ಜೀಪು ಓಡ್ಸೋನೂ ನಾನೇ ಆಗಿರ್ತೀನಿ."

"ಹಂಗಾದ್ರೆ ಮನೆ ತನಕ ಬುಟ್ಬುಡಿ, ಬಸ್ ಚಾರ್ಜ್ ಉಳೀತದೆ."

"ಮಾತ್ ಬ್ಯಾಡ. ಒಡಿ ನೋಡನ."

ಹುಲ್ಲಿನ ಮೆದೆಗೆ ಒಂದು ಕಾಗದ ಸಿಕ್ಕಿಸಿ, ಕಣದ ಇನ್ನೊಂದು ತುದಿಗೆ ಹೋಗಿ ನಿಂತಳು. ಮನೆಯವರೆಲ್ಲ ಜಗಲಿಗೆ ಬಂದರು. ಸೂರ್ಯ ಇನ್ನೂ ಮುಳುಗಿರಲಿಲ್ಲ. ಮೊದಲ ಬಾಣ ಕಾಗದದ ಎಡಕ್ಕೆ ಹುಲ್ಲಿನೊಳಗೆ ಹೋಯಿತು. ಎರಡನೆಯದೂ ಎಡಕ್ಕೆ. ಮೂರನೆಯದು ಎಲ್ಲಿಗೆ ಹೋಯಿತೆಂದು ಹುಡುಕಿ ಮಾರನೆಯ ದಿನ ತೆಗೆದೆವು.

"ಬುಡವ್ವ," ಅಂದರು ಚಲುವಯ್ಯ. "ನಾನ್ ಸುಮ್ನೆ ಎದ್ರುಕೊಂಡಿದ್ದೆ. ನಿನ್ನಿಂದ ನಮ್ ಹಂದೀಗೇನೂ ತೊಂದ್ರೆ ಇಲ್ಲ."

ಎಲ್ಲರೂ ನಕ್ಕರು. ಶೈಲಳೂ ನಕ್ಕಳು. ವಾಪಸು ಬರುವಾಗ ಹೆಚ್.ಡಿ. ಕೋಟೆ ಬಸ್ ಸ್ಟ್ಯಾಂಡಿನಲ್ಲಿ ಕಂಬಳಿ ಸುತ್ತಿದ ಬಿಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

"ಎರಡು ಸೂತ್ ಮಾಡಿಸೋಣ," ಅಂದಳು ಆಮೇಲೆ. "ಸಡಿಲ ಆಗ್ತದೆ ಅಂತ ಗೊತ್ತು. ಸಡಿಲ ಆದ್ರೆ ಕಲಿತ್ಕೋಬಹುದು. ಕಾಣ್ದೇ ಇದ್ರೆ ಏನ್ ಕಲಿಯೋದು?"

ರಿಯಾಜ್ ಭಾಯಿ ಎರಡು ಸೂತ್ ಕೊರೆದ. ಕೊರೆಯುವ ಮುಂಚೆ ಉಂಗುರವನ್ನು ಬಾಗಿಲಿನ ಕಡೆ ಹಿಡಿದು ನೋಡಿ, "ಬೆಳಕು ಧಾರಾಳ ಬತ್ತಾ ಅದಲ್ಲ ಮೇಡಮ್ಮೋರೇ," ಅಂದ. ಶೈಲ, "ನಿಮ್ಮ ಅಂಗಡಿ ಬಾಗಿಲು ದೊಡ್ಡದು ಭಾಯ್, ಅದಕ್ಕೇ," ಅಂದಳು. ಅವನು ಬಾಗಿಲು ನೋಡಿ ನಕ್ಕು ಕೊರೆದ. ಇದಕ್ಕಿಂತ ದೊಡ್ಡ ತೂತು ಆ ಉಂಗುರದಲ್ಲಿ ಆಗುವಂತಿರಲಿಲ್ಲ. ಆ ವಾರದ ಶನಿವಾರದ ಮಾತನ್ನೇ ನಾನು ಮೊದಲು ಬರೆದದ್ದು.

ಭಾನುವಾರ ಅವಳು ಕಾಯುತ್ತಿದ್ದ ಹಾಗೆ ಬಿಸಿಲು ಬಿತ್ತು. ಮಳೆಗಾಲದ ನಡುವೆ ಒಂದೊಂದು ದಿನ ಬರುವ, ಚರ್ಮ ಚುರುಗುಟ್ಟುವ ಬಿಸಿಲು. ಅತ್ತಿಗೆ ರಾಗಿ ಹರವಿದರು. ನಾನು ಬ್ಯಾರನ್ನಿನ ಸೂರಿನ ಮೇಲೆ ಹತ್ತಿ ಗಾಳಿಕಿಂಡಿಯ ತಗಡು ಸರಿಮಾಡುತ್ತಿದ್ದೆ. ಕೆಳಗೆ ಶೈಲ ಬಿಲ್ಲು ಎಳೆದು ನಿಂತಳು. ಮೇಲಿಂದ ನೋಡಿದರೆ ಅವಳ ನೆರಳು ಅವಳ ಕಾಲ ಬುಡದಲ್ಲಿ ಮಾತ್ರ ಇತ್ತು. ಎಳೆದ ಹೆದೆ ಎಳೆದ ಹಾಗೇ ಇತ್ತು, ಬಾಣ ಬಿಡಲಿಲ್ಲ. ತೋಳು ನಡುಗತೊಡಗಿದ ಮೇಲೆ ಇಳಿಸಿದಳು.

"ಮೋಡ ಮುಚ್ಕೊಂಡ್ತೇನ್ರೀ?"

ನಾನು ಆಕಾಶ ನೋಡಿದೆ. ಒಂದು ತುಣುಕು ಮೋಡ ಇರಲಿಲ್ಲ. ತಗಡು ಮುಟ್ಟಿದರೆ ಕೈ ಸುಡುತ್ತಿತ್ತು.

"ಇಲ್ಲ ಕಣೆ."

ಅವಳು ಬಿಲ್ಲನ್ನು ಗೋಡೆಗೆ ಒರಗಿಸಿಟ್ಟಳು. ಬಲಗೈಯಿಂದ ಬಲಗಣ್ಣು ಮುಚ್ಚಿದಳು, ತೆಗೆದಳು. ಎಡಗೈಯಿಂದ ಎಡಗಣ್ಣು ಮುಚ್ಚಿದಳು. ಹಾಗೇ ನಿಂತಿದ್ದಳು. ನಾನು ಏಣಿ ಇಳಿದು ಬರುವ ತನಕ ಆ ಕೈ ತೆಗೆದಿರಲಿಲ್ಲ.

"ನನ್ನ ಎದುರಿಗೆ ನಿಂತ್ಕೊಳ್ಳಿ," ಅಂದಳು.

ನಿಂತೆ. ಬಲಗಣ್ಣು ನನ್ನ ಕಡೆಗೇ ಇತ್ತು. ಯಾವತ್ತಿನ ಹಾಗೇ ಕಪ್ಪಗೆ ಚೆನ್ನಾಗಿತ್ತು.

"ಸುತ್ತ ಎಲ್ಲಾ ಇದೆ. ಬ್ಯಾರನ್ ಇದೆ, ಅಕ್ಕ ಇದ್ದಾರೆ, ನಿಮ್ಮ ಅಂಗಿ ತೋಳು ಇದೆ. ನಡುವೆ ನಿಮ್ಮ ಮುಖ ಇಲ್ಲ ಕಣ್ರೀ."

ರಾಗಿ ಹರವುತ್ತಿದ್ದ ಅತ್ತಿಗೆ ಎದ್ದು ಬಂದರು. ಸೆರಗಿನಿಂದ ಶೈಲಳ ಕಣ್ಣು ಒರೆಸಿದರು, ಅಲ್ಲಿ ಧೂಳು ಬಿದ್ದಿದೆಯೇನೋ ಅನ್ನುವ ಹಾಗೆ. ಎರಡು ಮೂರು ಸಲ ಒರೆಸಿದರು.

ಮೈಸೂರಿನ ಆಸ್ಪತ್ರೆಗಳ ದಿನಗಳನ್ನು ಬಿಡಿಸಿ ಬರೆಯುವ ಶಕ್ತಿ ನನಗಿಲ್ಲ. ಕಣ್ಣಿನವರು ತಲೆಯವರ ಬಳಿಗೆ ಕಳಿಸಿದರು. ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಹಚ್ಚಿ ಡಾಕ್ಟರು ತೋರಿಸಿದರು. ತಲೆಯೊಳಗೆ ಗೆಡ್ಡೆ ಬೆಳೆದಿದೆ, ಬಲಗಣ್ಣಿನ ನರವನ್ನು ಒತ್ತುತ್ತಿದೆ, ನರ ಒತ್ತಿದಾಗ ಮೊದಲು ಬಣ್ಣ ಮಾಸುತ್ತದೆ, ಅದರಲ್ಲೂ ಕೆಂಪು. ಶೈಲ ನನ್ನ ಕಡೆ ನೋಡಿದಳು.

"ಯಾವಾಗಿಂದಮ್ಮ ಮಬ್ಬಾಗಿದ್ದು?" ಎಂದು ಅವರು ಕೇಳಿದರು.

"ಒಂದು ಸೂತ್ ಇದ್ದಾಗಿಂದ ಸಾರ್."

ಅವರಿಗೆ ಅರ್ಥವಾಗಲಿಲ್ಲ. ನಾನು ಬಿಲ್ಲು, ತೂತು, ಮುಸ್ಸಂಜೆ ಎಲ್ಲವನ್ನೂ ಹೇಳಿದೆ. ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. "ಒಂದು ಕಣ್ಣು ಮುಚ್ಚೋ ಅಭ್ಯಾಸ ಇಲ್ಲದೋರಿಗೆ ಇದು ಇನ್ನೂ ಎಷ್ಟೋ ತಿಂಗಳು ಗೊತ್ತೇ ಆಗೋದಿಲ್ಲ," ಅಂದರು. "ಆ ಲೆಕ್ಕದಲ್ಲಿ ನೀವು ಬೇಗಾನೇ ಬಂದಿದ್ದೀರಿ." ಗೆಡ್ಡೆಯ ಜಾತಿ ಕೆಟ್ಟದ್ದು, ಜುಲೈಯಲ್ಲಿ ಬಂದಿದ್ದರೂ ತಾವು ಇದನ್ನೇ ಹೇಳುತ್ತಿದ್ದೆವು ಎಂದೂ ಅಂದರು. ಅವರ ಮಾತನ್ನು ನಾನು ನಂಬಿದ್ದೇನೆ. ಬೇಗ ಅನ್ನುವ ಮಾತು ಕೇಳಿದರೆ ಮಾತ್ರ ಈಗಲೂ ಸುಸ್ತಾಗುತ್ತದೆ.

ಆಯ್ಕೆ ನಡೆದ ದಿನ ಅವಳು ಆಪರೇಷನ್ ಆಗಿ ಮಲಗಿದ್ದಳು. ಅದೇ ಮೈಸೂರು, ಕ್ರೀಡಾಂಗಣ ಅಲ್ಲಿಂದ ಬಹಳ ದೂರವೇನೂ ಇಲ್ಲ. ಇವತ್ತೇ ಎಂದು ಇಬ್ಬರಿಗೂ ಗೊತ್ತಿತ್ತು. ಮಧ್ಯಾಹ್ನ ಒಂದು ಸಲ, "ಹೊರಗೆ ಮಳೆ ಬರ್ತಿದ್ಯಾ?" ಎಂದು ಕೇಳಿದಳು. ಇಲ್ಲ ಅಂದೆ. "ಒಳ್ಳೇದಾಯ್ತು, ಬೇಗ ಮುಗೀತದೆ," ಅಂದಳು.

ಊರಿಗೆ ಕರೆತಂದ ಮೇಲೆ ರಿಯಾಜ್ ಭಾಯಿ ನೋಡಲು ಬಂದ. ಕಿತ್ತಳೆ ಹಣ್ಣಿನ ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟ. ಆಗ ಅವಳ ತಲೆಯಲ್ಲಿ ಕೂದಲಿರಲಿಲ್ಲ, ಹಸಿರು ಉಣ್ಣೆ ಟೋಪಿ ಹಾಕಿದ್ದೆವು.

"ನಾನು ತೂತು ಕೊರೀತಾನೇ ಹೋದ್ನಲ್ಲ ಮೇಡಮ್ಮೋರೇ," ಅಂದ.

"ನಿಮ್ಮ ಕೆಲಸದಲ್ಲಿ ಏನೂ ತಪ್ಪಿಲ್ಲ ಭಾಯ್. ಎರಡು ಸೂತ್‌ನಲ್ಲಿ ಬೆಳಕು ಚೆನ್ನಾಗೇ ಬರ್ತಿತ್ತು. ಬಂದಿದ್ದು ನನ್ನ ತಾವ ನಿಲ್ತಿರ್ಲಿಲ್ಲ, ಅಷ್ಟೇ." ಅವನು ಬಾಗಿಲು ಬಿಟ್ಟು ಬರದಿದ್ದಾಗ ಅವಳೇ, "ಕೂತ್ಕೊಳ್ಳಿ, ನೀವು ಮಾಡಿದ್ದೇ ಮಂಚ, ಮುರಿಯಲ್ಲ," ಅಂದಳು.

ಅವನು ಕೂತ. ಮಂಚದ ಕಾಲನ್ನು ಕೈಯಿಂದ ಅಲ್ಲಾಡಿಸಿ ನೋಡಿದ. ಅತ್ತಿಗೆ ಕಾಫಿ ತಂದು ಕೊಟ್ಟರು.

ಚಳಿಗಾಲ ಕಳೆಯುವಷ್ಟರಲ್ಲಿ ಎಡಗಣ್ಣೂ ಹೋಯಿತು, ಮಾತು ಕಮ್ಮಿಯಾಯಿತು. ಶಿವರಾತ್ರಿ ಕಳೆದು ಕೆಲವು ದಿನಕ್ಕೆ, ಬೆಳಗಿನ ಹೊತ್ತು, ಅತ್ತಿಗೆ ಗಂಜಿ ಆರಿಸುತ್ತಿರುವಾಗ ಹೋದಳು. ಆ ವರ್ಷದ ಕೊನೆಯ ಸೊಪ್ಪು ಬ್ಯಾರನ್ನಿನ ಪಕ್ಕದ ಕೋಣೆಯಲ್ಲಿ ಕಟ್ಟು ಬಿಚ್ಚದೆ ಬಿದ್ದಿತ್ತು. ನಾನು ಅದನ್ನು ಹರಾಜಿಗೆ ಒಯ್ಯಲೇ ಇಲ್ಲ.

ಈ ಸಲ ಬಿಳಿಕೆರೆ ಶಾಲೆಗೆ ಹೊಸ ಆಟದ ಮೇಡಂ ಬಂದಿದ್ದಾರೆ. ಚಿಕ್ಕ ವಯಸ್ಸಿನವರು. ಹೋದ ತಿಂಗಳು ಮನೆಗೆ ಬಂದು ಸಂಕೋಚದಿಂದಲೇ ಕೇಳಿದರು, ಮಕ್ಕಳು ಶೈಲ ಮೇಡಂ ಬಿಲ್ಲಿನ ವಿಷಯ ಹೇಳುತ್ತಾರೆ, ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಗೆ ಒಳ್ಳೆಯ ಕೈ ಇದೆ, ಬಿಲ್ಲು ಸುಮ್ಮನೆ ಇದ್ದರೆ ಕೊಡುತ್ತೀರಾ ಎಂದು. ಕೊಡುತ್ತೇನೆ ಅಂದೆ. ಅತ್ತಿಗೆಯೂ ಕೊಡು ಅಂದರು. ಸುಮ್ಮನೆ ಇಟ್ಟು ಮಾಡುವುದೇನು.

ಕೊಡುವ ಮುಂಚೆ ಒಮ್ಮೆ ನೋಡಿಸೋಣ ಎಂದು ರಿಯಾಜ್ ಭಾಯಿಯ ಅಂಗಡಿಗೆ ಒಯ್ದೆ. ಅವನು ಗಾಲಿಗಳಿಗೆ ಎಣ್ಣೆ ಬಿಟ್ಟು, ಹೆದೆಗೆ ಮೇಣ ಸವರಿ ನನ್ನ ಕೈಗೆ ಕೊಟ್ಟ. "ಎಳೀರಿ ಮಾದೇವಣ್ಣ, ಸರಿಯಾಗ್ ಅದಾ ನೋಡನ."

ಅಷ್ಟು ದಿನ ಆ ಬಿಲ್ಲು ಮನೆಯಲ್ಲಿದ್ದರೂ ನಾನು ಅದನ್ನು ಎಳೆದವನಲ್ಲ. ಎಳೆದೆ. ಅರ್ಧದ ತನಕ ಭಾರ, ಆಮೇಲೆ ಗಾಲಿ ತಿರುಗಿ ಇದ್ದಕ್ಕಿದ್ದ ಹಾಗೆ ಹಗುರ. ಹೆದೆ ಕೆನ್ನೆಗೆ ತಾಗಿತು. ಮುಂದೆ ನೋಡಿದರೆ ಹೆದೆಯ ಎಳೆ ಮಾತ್ರ ಕಂಡಿತು. ತೂತು ಎಲ್ಲಿ ಹೋಯಿತೆಂದು ರಿಯಾಜನ್ನು ಕೇಳಿದೆ.

"ನಿಮ್ ಕಣ್ಣಿಗಿಂತ ಕೆಳಗದೆ. ಕೆನ್ನೆ ಮೂಳೆ ತಾವ," ಅಂದ. "ಒಬ್ಬೊಬ್ರ ಮುಖಕ್ಕೆ ಒಂದೊಂದು ಜಾಗ. ಆ ಹುಡುಗೀನ ಕರ್ಕೊಂಡ್ ಬನ್ನಿ, ಅವ್ಳು ಎಳೆದ ಮ್ಯಾಲೆ ಎಲ್ಲಿ ಬತ್ತದೋ ಅಲ್ಲಿಗೆ ಸರಿಸಿ ಕಟ್ಬೇಕು. ಈಗಿರೋ ದಾರ ಕತ್ತರಿಸಿ ಇಟ್ಟಿರ್ಲಾ?"

ಶೈಲ ಸುತ್ತಿದ ದಾರ ತೂತಿನ ಮೇಲೂ ಕೆಳಗೂ ಬಿಗಿಯಾಗಿ, ಒಂದರ ಪಕ್ಕ ಒಂದು ಕೂತಿತ್ತು. ಗಂಟಿನ ಹತ್ತಿರ ಸೊಪ್ಪಿನ ಅಂಟು ಕಪ್ಪಗೆ ಒಣಗಿತ್ತು.

"ಹುಡುಗಿ ಬಂದ ದಿನ ಕತ್ತರಿಸು ಭಾಯ್. ಇವತ್ತು ಬ್ಯಾಡ."

ಅವನು ಕತ್ತರಿಯನ್ನು ಮತ್ತೆ ಡಬ್ಬಿಗೆ ಹಾಕಿದ. ನಾನು ಬಿಲ್ಲನ್ನು ಕಂಬಳಿಗೆ ಸುತ್ತಿಕೊಂಡು ಬಸ್ಸಿಗೆ ಬಂದೆ. ಬರುವ ವಾರ ಆ ಮೇಡಂ ಹುಡುಗಿಯನ್ನು ಕರೆತರುತ್ತಾರೆ. ದಾರ ಬಿಚ್ಚಿ ಹೊಸದಾಗಿ ಕಟ್ಟುತ್ತೇವೆ, ಅವಳಿಗೆ ಒಂದು ಸೂತ್‌ನ ಹೊಸ ಉಂಗುರವನ್ನೇ ತರಿಸಿದ್ದಾರೆ. ಬಿಲ್ಲು ಸರಿಯಾಗಿದೆ. ಬಾಣಗಳೂ ಇವೆ. ಆ ತೂತನ್ನು ಈಗ ಕಟ್ಟಿರುವ ಎತ್ತರಕ್ಕೆ ಬಂದು ನಿಲ್ಲುತ್ತಿದ್ದ ಕಣ್ಣು ಇಲ್ಲ.